ಅಕ್ಷರ ಮಾತ್ರ ನನ್ನದು

ಕಿಟ್ಟಣ್ಣ, ನಿಮ್ಮ ಪಾಸ್‌ಪೋರ್ಟನ್ನು ಸುಮಾರು ಎರಡು ವರ್ಷ ತಡೆಹಿಡಿಸಿದ ಆ ಸಾಲನ್ನು ಬರೆದದ್ದು ನೀವಲ್ಲ, ನಾನು. ಕೇಳಿದವರಿಗೆ ನಿಮ್ಮ ಹೆಸರು ಕೊಟ್ಟವಳೂ ನಾನೇ. ಇವೆರಡನ್ನೂ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನನ್ನ ಸ್ವಭಾವ ನಿಮಗೆ ಗೊತ್ತು—ಮಾತಿಗೆ ಕೂತರೆ ಹೋಳಿಗೆಯ ಕಣಕದಿಂದ ಶುರುಮಾಡಿ ಊರೆಲ್ಲ ಸುತ್ತಿ ಬರುವವಳು. ಹೇಳಬೇಕಾದದ್ದು ದಾರಿಯಲ್ಲೆಲ್ಲೋ ಬಿದ್ದುಹೋಗಿರುತ್ತದೆ. ಈ ಸಲ ಬೀಳಬಾರದು.

ಇದನ್ನು ನಿಮಗೊಬ್ಬರಿಗೇ ಕಾಗದವಾಗಿ ಬರೆಯಬಹುದಿತ್ತು. ಆದರೆ ತಪ್ಪು ನಡೆದದ್ದು ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರ ನಡುವೆ. ಒಪ್ಪಿಕೊಳ್ಳುವುದೂ ಅಲ್ಲೇ ಆಗಲಿ ಎಂದು ಸಂಘದ ವಿಶೇಷ ಸಂಚಿಕೆಗೇ ಕಳಿಸುತ್ತಿದ್ದೇನೆ. ಹಾಗಾಗಿ ನಿಮಗೆ ಗೊತ್ತಿರುವ ಸಂಗತಿಗಳನ್ನೂ ಉಳಿದವರಿಗಾಗಿ ಹೇಳಬೇಕಾಗುತ್ತದೆ. ನಿಮಗೆ ಬೇಸರವಾದರೆ ಆ ಭಾಗ ಹಾರಿಸಿ ಓದಿ. ನನ್ನ ಬರಹವನ್ನು ನೀವು ಯಾವಾಗಲೂ ಹಾಗೇ ಓದಿದವರು.

ನಾವು ಅಮೆರಿಕದ ಡೆಟ್ರಾಯಿಟಿನ ಪಕ್ಕದ ಸೌತ್‌ಫೀಲ್ಡಿಗೆ ಬಂದದ್ದು ಅರವತ್ತೊಂಬತ್ತರಲ್ಲಿ. ನಮ್ಮವರು—ಪ್ರಭಾಕರ—ಒಂದು ಕಾರು ಕಂಪನಿಯಲ್ಲಿ ಇಂಜಿನಿಯರು. ಬಂದು ವಾರವಾಗಿರಲಿಲ್ಲ, ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಬಟ್ಟೆ ಒಗೆಯಲು ಇಳಿದೆ. ಅಲ್ಲಿ ಒಬ್ಬಳು ಮೆಷೀನಿನ ಮುಂದೆ ಕೂತು ಅಚ್ಚ ಮೈಸೂರು ಕನ್ನಡದಲ್ಲಿ ಅದಕ್ಕೆ ಬೈಯುತ್ತಿದ್ದಳು. ನನ್ನ ಸೀರೆ ಕಂಡದ್ದೇ, "ಸೀರೆ ನುಂಗಿಬಿಟ್ಟಿದೆ ಕಣ್ರೀ, ಬಿಡ್ತಾನೇ ಇಲ್ಲ. ಒಂದು ಕಡೆ ಹಿಡ್ಕೊಳಿ," ಎಂದಳು. ಹೆಸರು ಕೇಳುವ ಮೊದಲು ಇಬ್ಬರೂ ಸೀರೆ ಎಳೆದೆವು. ಅವಳು ನಿಮ್ಮ ಸರೋಜ. ಕೆಳಗೆ ನಾವು, ಮೇಲೆ ನೀವು. ಮುಂದಿನ ಎಂಟು ವರ್ಷ ಎರಡು ಮನೆಯ ಸಾರಿನ ವಾಸನೆ ಒಂದೇ ಮೆಟ್ಟಿಲಲ್ಲಿ ಓಡಾಡಿತು.

ಎಪ್ಪತ್ಮೂರರ ಹೊತ್ತಿಗೆ ಡೆಟ್ರಾಯಿಟಿನ ಸುತ್ತಮುತ್ತ ಒಂದಿಷ್ಟು ಮನೆಯವರು ಸೇರಿ ಸಂಘ ಮಾಡಿಕೊಂಡೆವು. ಇಬ್ಬರು ಕನ್ನಡಿಗರು ಸೇರಿದರೆ ಸಂಘ, ಮೂರನೆಯವನು ಬಂದರೆ ಪತ್ರಿಕೆ—ಹೀಗೆಂದು ನೀವೇ ಅಂದದ್ದು. ಕನ್ನಡದ ಟೈಪ್‌ರೈಟರ್ ಎಲ್ಲಿಂದ ಬರಬೇಕು? ಹತ್ತಿರದ ಚರ್ಚಿನವರು ತಮ್ಮ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರವನ್ನು ಶನಿವಾರ ಬಳಸಲು ಬಿಡುತ್ತಿದ್ದರು. ಅದಕ್ಕೆ ಮೇಣ ಸವರಿದ ತೆಳ್ಳನೆಯ ಹಾಳೆ. ಅದರ ಮೇಲೆ ಮೊಂಡು ಮೊನೆಯ ಕಡ್ಡಿಯಿಂದ ಗೀರಿ ಬರೆಯಬೇಕು. ಇಂಗ್ಲಿಷಿನವರಿಗೆ ಅದು ಸುಲಭ, ಅವರ ಅಕ್ಷರಗಳಿಗೆ ಬೆನ್ನುಮೂಳೆ ಇದೆ. ನಮ್ಮದೋ, ಎಲ್ಲ ದುಂಡು. ಸ್ವಲ್ಪ ಒತ್ತಿ ಸೊನ್ನೆ ಬರೆದರೆ ಸೊನ್ನೆಯ ನಡುವಿನ ಚೂರು ಕಳಚಿ ಬೀಳುತ್ತಿತ್ತು. ಅಚ್ಚಿನಲ್ಲಿ ಸೊನ್ನೆಯ ಜಾಗದಲ್ಲಿ ಕಾಡಿಗೆ ಬೊಟ್ಟು. ಮೊದಲ ಸಂಚಿಕೆಯನ್ನು ನೀವು ಬರೆದಿರಿ—ದೃಷ್ಟಿ ಬೀಳಬಾರದೆಂದು ಪುಟಪುಟಕ್ಕೂ ಬೊಟ್ಟಿಟ್ಟ ಹಾಗಿತ್ತು. ಎರಡನೆಯ ಸಂಚಿಕೆಯಿಂದ ಕಡ್ಡಿ ನನ್ನ ಕೈಗೆ ಬಂತು. ಸೊನ್ನೆ ಬೀಳಿಸದೆ ಬರೆಯಬಲ್ಲವಳು ಆ ರಾಜ್ಯದಲ್ಲೇ ನಾನೊಬ್ಬಳು ಎಂಬ ಜಂಬ ನನಗಿತ್ತು. ಇತ್ತು ಏನು, ಈಗಲೂ ಇದೆ.

ಯಾರು ಏನೇ ಬರೆದುಕೊಡಲಿ, ಪತ್ರಿಕೆಯಲ್ಲಿ ಕಾಣುವುದು ನನ್ನ ಅಕ್ಷರ. ಬರೆದವರು ತಮ್ಮ ಹೆಸರು ಹಾಕುತ್ತಿರಲಿಲ್ಲ. ಎಲ್ಲರಿಗೂ ಕಾವ್ಯನಾಮದ ಹುಚ್ಚು. ನೀವು ಮೇಲೆ ವಾಸವಾಗಿದ್ದೀರೆಂದು 'ಮೇಲ್ಮಹಡಿ' ಆದಿರಿ. ನನಗೆ ಯಾವ ಹೆಸರೂ ಇರಲಿಲ್ಲ, ಯಾಕೆಂದರೆ ನಾನು ಏನೂ ಬರೆಯುತ್ತಿರಲಿಲ್ಲ—ಅಂದರೆ, ಎಲ್ಲವನ್ನೂ ನಾನೇ ಬರೆಯುತ್ತಿದ್ದೆ. ನನ್ನದೆಂದು ಇದ್ದದ್ದು ಒಂದೇ ಹಕ್ಕು: ಪುಟದ ಕೊನೆಯಲ್ಲಿ ಜಾಗ ಉಳಿದರೆ ಅಲ್ಲೊಂದು ಪುಟ್ಟ ರಂಗೋಲಿ ಬಿಡಿಸುವುದು. ಖಾಲಿ ಬಿಟ್ಟರೆ ಯಂತ್ರದಲ್ಲಿ ಹಾಳೆ ಸುಕ್ಕಾಗುತ್ತದೆ ಎಂದು ನಾನು ಎಲ್ಲರನ್ನೂ ನಂಬಿಸಿದ್ದೆ. ಸುಕ್ಕಾಗುತ್ತಿರಲಿಲ್ಲ.

ಇನ್ನು ಎಪ್ಪತ್ತೈದು. ನಮ್ಮಲ್ಲಿ ಯಾರಿಗೂ ಪ್ರಧಾನಿಯ ಮೇಲೆ ದ್ವೇಷವಿರಲಿಲ್ಲ, ಇದನ್ನು ಹೇಳಲೇಬೇಕು. ಎಪ್ಪತ್ತೊಂದರ ಯುದ್ಧ ಗೆದ್ದಾಗ ನೀವೇ ವಾರಪತ್ರಿಕೆಯಿಂದ ಅವರ ಚಿತ್ರ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಿರಿ. ಊಟಕ್ಕೆ ಬಂದ ಅಮೆರಿಕನ್ನರ ಕಣ್ಣಿಗೆ ಬೀಳಲೆಂದು ಸರೋಜ ಮೊಸರಿಗೊಂದು ಸಲ, ಉಪ್ಪಿನಕಾಯಿಗೊಂದು ಸಲ ಆ ಬಾಗಿಲು ತೆರೆಯುತ್ತಿದ್ದಳು. ಇನ್ನೂರು ವರ್ಷ ಬಿಳಿಯರ ಕೈಕೆಳಗಿದ್ದ ದೇಶ, ಅದನ್ನು ಒಬ್ಬ ಹೆಂಗಸು ಆಳುತ್ತಿದ್ದಾಳೆ, ನಿಮ್ಮಲ್ಲಿ ಇದೆಯೇ ಇಂಥದ್ದು—ಎಂದು ನಾನೂ ಪಕ್ಕದ ಮನೆಯವಳ ಹತ್ತಿರ ಕೊಚ್ಚಿಕೊಂಡವಳೇ. ಆಮೇಲೆ ಆ ಜೂನ್ ತಿಂಗಳ ಕೊನೆಗೆ ತುರ್ತು ಪರಿಸ್ಥಿತಿ ಬಂತು. ಎದುರಾಡಿದವರು ಜೈಲಿನಲ್ಲಿ, ಪತ್ರಿಕೆಗಳ ಬಾಯಿಗೆ ಬೀಗ. ನಮಗದು ಅಮೆರಿಕದ ಟೀವಿಯಲ್ಲಿ ಎರಡು ನಿಮಿಷದ ಸುದ್ದಿ.

ನನಗೆ ನಿಜವಾಗಿ ಅರ್ಥವಾದದ್ದು ನನ್ನ ತಮ್ಮನ ಕಾಗದದಿಂದ. ಅವನು ಮೈಸೂರಿನಲ್ಲಿ ಕಾಲೇಜು ಮೇಷ್ಟ್ರು. ತಿಂಗಳಿಗೆ ನಾಲ್ಕು ಹಾಳೆ ರಾಜಕೀಯ ಬರೆಯುತ್ತಿದ್ದ, ಓದಿ ಓದಿ ನನಗೆ ಆಕಳಿಕೆ ಬರುತ್ತಿತ್ತು. ಜುಲೈಯಲ್ಲಿ ಒಂದೇ ಹಾಳೆ ಬಂತು. ಇಲ್ಲಿ ಎಲ್ಲರೂ ಕ್ಷೇಮ, ಮಳೆ ಹದವಾಗಿದೆ, ಹಿತ್ತಿಲ ಮಾವಿನಮರಕ್ಕೆ ಕಟ್ಟಿರುವೆ ಹತ್ತಿದೆ. ಅಷ್ಟೇ. ಆ ಕಟ್ಟಿರುವೆಯನ್ನು ಓದಿ ನನಗೆ ಭಯವಾಯಿತು. ನನ್ನ ತಮ್ಮನಿಗೆ ಮಾವಿನಮರಕ್ಕೂ ಹುಣಸೆಮರಕ್ಕೂ ವ್ಯತ್ಯಾಸ ತಿಳಿಯದು.

ಕಾಗದ ಬಂದ ವಾರದ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದಿರಿ. ಗಂಡಸರು ಸೋಫಾದಲ್ಲಿ, ನಾವು ಅಡಿಗೆಮನೆಯಲ್ಲಿ. ನಮ್ಮವರು ಹೇಳುತ್ತಿದ್ದುದು ಅಲ್ಲಿಗೇ ಕೇಳಿಸುತ್ತಿತ್ತು: "ಏನೇ ಅನ್ನಿ, ರೈಲು ಕರೆಕ್ಟ್ ಟೈಮಿಗೆ ಬರ್ತಿದೆಯಂತೆ. ಗುಮಾಸ್ತರು ಹತ್ತು ಗಂಟೆಗೆ ಸರಿಯಾಗಿ ಕುರ್ಚೀಲಿರ್ತಾರಂತೆ. ನಮ್ಮ ಜನಕ್ಕೆ ಸ್ವಲ್ಪ ಶಿಸ್ತು ಬೇಕೇ ಬೇಕು." ಯಾರೋ ಹೌದೆಂದರು, ಯಾರೋ ಅಲ್ಲವೆಂದರು, ನೀವು ಎಂದಿನಂತೆ ಏನೋ ತಮಾಷೆ ಮಾಡಿ ಎಲ್ಲರನ್ನೂ ನಗಿಸಿದಿರಿ. ನಾನು ಕಾಫಿ ತಂದಿಟ್ಟೆ. ನನಗೂ ಒಂದು ಅಭಿಪ್ರಾಯವಿತ್ತು ಕಿಟ್ಟಣ್ಣ. ಯಾರೂ ಕೇಳಲಿಲ್ಲ. ಸಕ್ಕರೆ ಸಾಕೇ ಎಂದು ನಾನೇ ಕೇಳಿದೆ.

ಆಗಸ್ಟ್ ಹದಿನೈದರ ಸಂಚಿಕೆಗೆ ನೀವು ಕೊಟ್ಟ ಲೇಖನ 'ಸ್ವಂತ ಮನೆ'. ರಾಜಕೀಯದ ಸೋಂಕೂ ಇರಲಿಲ್ಲ ಅದರಲ್ಲಿ. ಮೈಸೂರಿನ ವಠಾರದಲ್ಲಿ ನಲ್ಲಿ ನಿಲ್ಲಿಸುತ್ತಿದ್ದ ಮಾಲೀಕ, ಕೊನೆಗೂ ನಿಮ್ಮ ತಂದೆ ಕಟ್ಟಿಸಿದ ಸ್ವಂತ ಮನೆ, ಗೃಹಪ್ರವೇಶದ ಮಾರನೆಯ ದಿನದಿಂದಲೇ ಅಲ್ಲಿ ದರ್ಬಾರು ಶುರುಮಾಡಿದ ನಿಮ್ಮ ಸೋದರತ್ತೆ ಸುಬ್ಬತ್ತೆ—ಓದಿ ನಾನು ಒಬ್ಬಳೇ ನಕ್ಕಿದ್ದೆ. ಮೇಣದ ಹಾಳೆಗೆ ಇಳಿಸಿ ಮುಗಿಸಿದಾಗ ಕೊನೆಯಲ್ಲಿ ಎರಡು ಸಾಲಿನ ಜಾಗ ಉಳಿಯಿತು. ರಂಗೋಲಿ ಬಿಡಿಸಬೇಕಿತ್ತು. ಕಡ್ಡಿ ಹಿಡಿದುಕೊಂಡೇ ಇದ್ದೆ, ತಮ್ಮನ ಕಟ್ಟಿರುವೆ ನೆನಪಾಯಿತು, ನಮ್ಮವರ ರೈಲು ನೆನಪಾಯಿತು, ಮತ್ತೆ—ಬರೆದುಬಿಟ್ಟೆ:

"ಬೀಗದ ಕೈ ಗೊಂಚಲು ಅತ್ತೆಯ ಸೊಂಟ ಸೇರಿದ ಮೇಲೆ ನಮ್ಮ ಸ್ವಂತ ಮನೆಯಲ್ಲಿ ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತಿದೆ; ಹೊತ್ತೆಷ್ಟು ಎಂದು ಗಟ್ಟಿಯಾಗಿ ಕೇಳುವವರು ಮಾತ್ರ ಯಾರೂ ಇಲ್ಲ."

ಸೊನ್ನೆಗಳೂ ಚೆನ್ನಾಗಿ ಬಂದಿದ್ದವು. ನಿಮ್ಮನ್ನು ಕೇಳಬೇಕು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಎಷ್ಟು ಖುಷಿಯಾಗಿತ್ತೆಂದರೆ ಆ ದಿನ ಸಾರಿಗೆ ಉಪ್ಪು ಹಾಕಲು ಮರೆತೆ.

ಸಮಾರಂಭ ಅದೇ ಚರ್ಚಿನ ಸಭಾಂಗಣದಲ್ಲಿ. ನೂರಾರು ಹೋಳಿಗೆ, ಬಾವುಟ, ಮಕ್ಕಳ ಹಾಡು. ಓದಿದವರೆಲ್ಲ ಆ ಕೊನೆಯ ಸಾಲನ್ನೇ ಹಿಡಿದುಕೊಂಡರು. "ಏನ್ ಸ್ವಾಮಿ ಮೇಲ್ಮಹಡಿ, ಸುಬ್ಬತ್ತೆ ಹೆಸರಲ್ಲಿ ಯಾರಿಗೋ ಕೊಟ್ಟುಬಿಟ್ರಲ್ಲ," ಎಂದು ಬೆನ್ನು ತಟ್ಟಿದರು. ನೀವು ಮೊದಲು ಕಕ್ಕಾಬಿಕ್ಕಿ. ಪತ್ರಿಕೆ ತೆಗೆದು ಓದಿ, ತಲೆ ಕೆರೆದುಕೊಂಡು ನನ್ನ ಹತ್ತಿರ ಬಂದಿರಿ. "ವಿಮಲಮ್ಮನೋರೇ, ಸುಬ್ಬತ್ತೆ ಹೋಗಿ ಹತ್ತು ವರ್ಷ ಆಯ್ತು. ತೋರಿಸುತ್ತಿದೆ ಅಂತ ಯಾಕೆ ಬರೆದೆ ನಾನು? ತೋರಿಸುತ್ತಿತ್ತು ಅಂತಲ್ವಾ ಇರಬೇಕು?" ಎಂದಿರಿ. "ನೀವು ಹೇಗೆ ಬರೆದಿದ್ರೋ ಹಾಗೇ ಇಳಿಸಿದೀನಿ," ಎಂದೆ. ಮುಖ ಹೋಳಿಗೆಯ ತಟ್ಟೆಯ ಕಡೆಗಿತ್ತು. ನೀವು ನಂಬಿದಿರಿ. ಇನ್ನೆರಡು ಸಲ ಜನ ಹೊಗಳಿದ ಮೇಲೆ ಆ ಸಾಲು ನಿಮಗೂ ಇಷ್ಟವಾಗತೊಡಗಿತು. ನನಗೆ ಮಾತ್ರ ಹೊಟ್ಟೆಯಲ್ಲಿ ಕಿಚ್ಚು—ನನ್ನ ಮಾತಿಗೆ ಚಪ್ಪಾಳೆ, ಅದು ಬೀಳುತ್ತಿದ್ದುದು ನಿಮ್ಮ ಬೆನ್ನಿಗೆ.

ಆಗಲೇ ಆ ದಿನದ ಮುಖ್ಯ ಅತಿಥಿ ನನ್ನ ಹತ್ತಿರ ಬಂದರು. ಚಿಕಾಗೋದಿಂದ ಬಂದಿದ್ದವರು, ಅಲ್ಲಿನ ಭಾರತದ ದೂತಾವಾಸದ ಕಚೇರಿಯಲ್ಲಿ ನಮ್ಮ ಸರ್ಕಾರದ ಕೆಲಸದಲ್ಲಿದ್ದವರು, ಧಾರವಾಡದ ಕಡೆಯವರು. ಬಹಳ ಸೌಮ್ಯ ಮನುಷ್ಯ. ಬಾವುಟ ಹಾರಿಸಿ, ಚಿಕ್ಕ ಭಾಷಣ ಮಾಡಿ, ತಟ್ಟೆ ಹಿಡಿದು ನನ್ನ ಎದುರು ನಿಂತರು. "ಹೋಳಿಗಿ ಭಾಳ ಛಲೋ ಆಗ್ಯಾವ್ರೀ ಅಕ್ಕಾರ," ಎಂದರು. ಆಮೇಲೆ ಕಂಕುಳಲ್ಲಿದ್ದ ಪತ್ರಿಕೆ ತೆಗೆದು, "ಈ ಬರವಣಿಗಿ ಯಾರದ್ರೀ?" ಎಂದು ಕೇಳಿದರು.

ಬರವಣಿಗೆ. ಕನ್ನಡದಲ್ಲಿ ಆ ಒಂದೇ ಶಬ್ದ ಎರಡಕ್ಕೂ ಸಲ್ಲುತ್ತದೆ—ಕೈಗೂ, ತಲೆಗೂ. ನಾನು ಕೈ ಎಂದುಕೊಂಡೆ. ಅಷ್ಟು ಹೊತ್ತು ಬೇರೆಯವರಿಗೆ ಹೊಗಳಿಕೆ ಹೋಗುವುದನ್ನು ನೋಡಿದ್ದವಳು, ಮುಖ ಮೊರದಗಲ ಮಾಡಿಕೊಂಡು "ನಂದೇ" ಎಂದೆ.

"ಮುತ್ತು ಪೋಣಿಸಿದಂಗ ಅದ ಬಿಡ್ರಿ," ಎಂದವರು ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲನ್ನು ಮೆಲ್ಲಗೆ ಓದಿದರು. ಓದಿ, ತಲೆಯೆತ್ತಿ, ಅದೇ ಸೌಮ್ಯ ದನಿಯಲ್ಲಿ, "ಹಂಗಾದ್ರ ಈ ಮಾತೂ ನಿಮ್ಮದ ಏನ್ರೀ?"

ಆ ಗಳಿಗೆಯಲ್ಲಿ ನನಗೆ ಏನೂ ಗೊತ್ತಿರಲಿಲ್ಲ ಅನ್ನಲಾರೆ. ಯಾರು ಎಲ್ಲಿ ಏನೆಂದರು ಎಂಬುದು ಸರ್ಕಾರದ ಕಿವಿಗೆ ತಲುಪುತ್ತದೆ ಎಂಬ ಗುಸುಗುಸು ಆಗಲೇ ನಮ್ಮ ನಡುವೆ ಹರಡಿತ್ತು. ಡಿಸೆಂಬರಿಗೆ ನನ್ನ ಟಿಕೆಟ್ ಆಗಿತ್ತು. ಎರಡು ವರ್ಷದ ಮಗಳನ್ನು ಮೊದಲ ಸಲ ಅಪ್ಪ ಅಮ್ಮನಿಗೆ ತೋರಿಸಬೇಕಿತ್ತು. ಇದೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಓಡಿತು, ಎಲ್ಲ ಸ್ಪಷ್ಟವಾಗಿ ಓಡಿತು. ಆಮೇಲೆ ಹೇಳಿದೆ: "ಅಯ್ಯೋ ಇಲ್ಲಪ್ಪ. ಅಕ್ಷರ ಮಾತ್ರ ನನ್ನದು. ಬರೆದೋರು ಕಿಟ್ಟಣ್ಣ. ಅಲ್ಲಿ ಮೈಕ್ ಹತ್ರ ನಿಂತಿದಾರಲ್ಲ, ಅವರು."

"ಪೂರಾ ಹೆಸರು?"

ಕೊಟ್ಟೆ. ಇನಿಷಿಯಲ್ ಸಮೇತ ಕೊಟ್ಟೆ. ಇನ್ನೊಂದು ಹೋಳಿಗೆಯನ್ನೂ ಬಡಿಸಿದೆ.

ಅಕ್ಟೋಬರಿನಲ್ಲಿ ನೀವು ಪಾಸ್‌ಪೋರ್ಟ್ ನವೀಕರಣಕ್ಕೆ ಅದೇ ಚಿಕಾಗೋ ಕಚೇರಿಗೆ ಕಳಿಸಿದಿರಿ. ಫೆಬ್ರವರಿಯಲ್ಲಿ ನಿಮ್ಮ ತಂಗಿ ಪದ್ಮಳ ಮದುವೆ. ತಂದೆ ಇಲ್ಲದ ಮನೆ, ನೀವು ಒಬ್ಬರೇ ಅಣ್ಣ. ನೀವೂ ಸರೋಜಾಳೂ ನಿಂತು ಧಾರೆ ಎರೆದುಕೊಡಬೇಕು. ಸರೋಜ ಆಗಲೇ ಧಾರೆಯ ಹೊತ್ತಿಗೆ ತಾನು ಉಡುವ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ನವೆಂಬರಿನಲ್ಲಿ ಕಾಗದ ಬಂತು: ಪಾಸ್‌ಪೋರ್ಟ್ ತಡೆಹಿಡಿಯಲಾಗಿದೆ; ಇಂಥ ಬರಹ ಬರೆದದ್ದು ತಪ್ಪೆಂದು ಕ್ಷಮಾಪಣೆ ಬರೆದು ಸಹಿ ಹಾಕಿ ಕಳಿಸಿದರೆ ಪರಿಶೀಲಿಸಲಾಗುವುದು.

ಅದನ್ನು ಹಿಡಿದು ನಮ್ಮ ಊಟದ ಮೇಜಿನ ಮುಂದೆ ಕೂತಿರಿ. "ನನ್ನ ಕರಡು ನಿಮ್ಮತ್ರ ಇದೆಯಾ ವಿಮಲಮ್ಮ? ನಾನು ನಿಜವಾಗ್ಲೂ ಇದನ್ನ ಬರೆದೆನಾ ಅಂತ ಒಂದು ಸಲ ನೋಡ್ಬೇಕು," ಎಂದಿರಿ. ಕರಡು ಹಿಂದಿನ ಕೋಣೆಯ ಡ್ರಾದಲ್ಲಿತ್ತು. "ಆಗ್ಲೇ ಬಿಸಾಡಿದೆನಲ್ಲ," ಎಂದೆ. ನೋಡಿ, ಮೊದಲ ಸುಳ್ಳಿಗೆ ಬೇಕಾದರೆ ಗಾಬರಿಯ ಹೆಸರು ಹೇಳಬಹುದು. ಇದಕ್ಕೆ ಏನು ಹೇಳಲಿ? ಗಾಬರಿಯೂ ಇರಲಿಲ್ಲ. ಸಲೀಸಾಗಿ ಬಂತು.

ನಮ್ಮವರು ಬೈದರು: "ಒಂದು ಸೈನ್ ಹಾಕಿ ಬಿಸಾಕಯ್ಯ. ತಂಗಿ ಮದುವೆಗಿಂತ ಹೆಚ್ಚಾ ಇದು?"

ನೀವು ಕಾಗದವನ್ನು ಮಡಿಸಿ ಜೇಬಿಗಿಟ್ಟಿರಿ. ಆಮೇಲೆ ನಿಮ್ಮ ತಂದೆಯ ಮಾತು ತೆಗೆದಿರಿ. ನಲವತ್ತೆರಡರ ಚಳವಳಿಯಲ್ಲಿ ಅವರು ಸ್ಕೂಲು ಮೇಷ್ಟ್ರು, ಜೈಲಿಗೆ ಹೋದರು. ತಪ್ಪಾಯಿತೆಂದು ಒಂದು ಸಾಲು ಬರೆದುಕೊಟ್ಟರೆ ಬಿಡುತ್ತೇವೆ, ಕೆಲಸವೂ ಉಳಿಯುತ್ತದೆ ಎಂದರಂತೆ. ಪದ್ಮ ಆಗ ಇನ್ನೂ ಹುಟ್ಟಿರಲಿಲ್ಲ, ನಿಮಗೆ ಆರು ವರ್ಷ. ಆದರೂ ಅವರು ಬರೆದುಕೊಡಲಿಲ್ಲ. "ಬರೆದದ್ದು ನನಗೆ ನೆನಪಿಲ್ಲ, ನಿಜ. ಆದರೆ ಓದಿದಾಗೆಲ್ಲ, ಇದು ನಾನು ಹೇಳಬೇಕಾಗಿದ್ದ ಮಾತೇ ಅನ್ಸುತ್ತೆ. ಸುಳ್ಳಲ್ಲದ್ದನ್ನ ತಪ್ಪು ಅಂತ ಹೇಗೆ ಬರ್ಕೊಡ್ಲಿ? ಅಪ್ಪ ಬೆಳ್ಳಗಿರೋರಿಗೆ ಬರ್ಕೊಡಲಿಲ್ಲ. ನಾನು ನಮ್ಮೋರಿಗೆ ಬರ್ಕೊಡಬೇಕಾ?" ಎಂದು ಹೇಳಿ ಎದ್ದುಹೋದಿರಿ. ಮೇಲೆ ಹೋಗಿ ಫ್ರಿಜ್ಜಿನ ಮೇಲಿನ ಚಿತ್ರ ತೆಗೆದಿರೆಂದು ಸರೋಜ ಮಾರನೆಯ ದಿನ ಹೇಳಿದಳು. ಅಂಟಿನ ಗುರುತು ಮಾತ್ರ ಹೋಗಲಿಲ್ಲವಂತೆ, ಅದಕ್ಕೆ ಅವಳ ಸಿಟ್ಟು.

ಆಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. "ಕಿಟ್ಟಣ್ಣ, ಅದು ನಿಮ್ಮದಲ್ಲ." ನೀವು ಕಚೇರಿಗೆ ಹಾಗೆಯೇ ಬರೆಯಬಹುದಿತ್ತು—ತಪ್ಪೊಪ್ಪಿಗೆಯಲ್ಲ, ಬರೀ ನಿಜ. ನಿಮ್ಮ ತಂದೆಯ ಮಾತಿಗೂ ಕುಂದಿಲ್ಲ, ತಂಗಿಯ ಮದುವೆಗೂ ತಪ್ಪಿಲ್ಲ. ಆದರೆ ಆಗ ನನ್ನ ಟಿಕೆಟ್ ಹೋಗುತ್ತಿತ್ತು. ಅಷ್ಟೇ ಲೆಕ್ಕ, ಬೇರೆ ಏನೂ ಇಲ್ಲ.

ಡಿಸೆಂಬರಿನಲ್ಲಿ ನಾನು ಹೊರಟೆ. ಸರೋಜ ಪದ್ಮನಿಗೆಂದು ಸೀರೆ ಕೊಟ್ಟಳು—ಫಾಲ್ಸ್ ಹೊಲಿದಿದ್ದ ಅದೇ ಸೀರೆ. ನೀವು ವಿಮಾನ ನಿಲ್ದಾಣಕ್ಕೆ ಡ್ರೈವ್ ಮಾಡಿಕೊಂಡು ಬಂದು, ಮಗಳನ್ನು ಎತ್ತಿಕೊಂಡು ನಿಂತು, ನನಗೊಂದು ಕೆಲಸ ಒಪ್ಪಿಸಿದಿರಿ. "ಕಾಗದದಲ್ಲಿ ಬರೆಯೋ ಹಾಗಿಲ್ಲ, ಒಡೆದು ಓದ್ತಾರೆ. ಪದ್ಮನಿಗೆ ನೀವೇ ಮುಖತಃ ಹೇಳಿ. ಅಪ್ಪ ಬರ್ಕೊಡಲಿಲ್ಲ, ಅದಕ್ಕೇ ಅಣ್ಣನೂ ಬರ್ಕೊಡಲಿಲ್ಲ ಅಂತ ಹೇಳಿ. ಅಷ್ಟು ಹೇಳಿದ್ರೆ ಅವಳಿಗೆ ಅರ್ಥ ಆಗುತ್ತೆ."

ಮದುವೆ ಬಹಳ ಚೆನ್ನಾಗಿ ಆಯಿತು, ಅದನ್ನು ನಿಮಗೆ ಆಗಲೇ ಹತ್ತು ಸಲ ಹೇಳಿದ್ದೇನೆ. ನಾದಸ್ವರದವನು ಮುಹೂರ್ತಕ್ಕೆ ಮೊದಲೇ ಗಟ್ಟಿಮೇಳ ಊದಿಬಿಟ್ಟದ್ದು, ಪುರೋಹಿತರು ಅವನನ್ನು ಗದರಿಸಿಕೊಂಡೇ ಮಂತ್ರ ಹೇಳಿದ್ದು, ಚಿರೋಟಿಗೆ ಹಾಲು ಸಾಲದೆ ಬೀಗರಲ್ಲಿ ಒಬ್ಬರು ಮುನಿಸಿಕೊಂಡದ್ದು. ನಿಮ್ಮ ಜಾಗದಲ್ಲಿ ನಿಮ್ಮ ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದರು. ಚಿಕ್ಕಪ್ಪನ ಕೈ ನಡುಗಿ ಅರ್ಧ ಹಾಲು ವರನ ತೊಡೆಗೆ ಹೋದದ್ದನ್ನು ಹೇಳಿ ನಿಮ್ಮನ್ನು ನಗಿಸಿದ್ದೆ. ಹೇಳದೆ ಬಿಟ್ಟದ್ದು ಇದು. ಧಾರೆಯ ಹೊತ್ತಿನಲ್ಲಿ ಪದ್ಮ ಎರಡು ಸಲ ಬಾಗಿಲ ಕಡೆ ನೋಡಿದಳು. ನಾನು ಅವಳ ಹಿಂದೆಯೇ ನಿಂತಿದ್ದೆ. ಎರಡನೆಯ ಸಲ ಅವಳ ಕಣ್ಣು ನನಗೆ ಸಿಕ್ಕಿತು.

ಊಟವಾದ ಮೇಲೆ ನನ್ನನ್ನು ಕೋಣೆಗೆ ಕರೆದು ಕೇಳಿದಳು: "ವಿಮಲಕ್ಕ, ಒಂದು ಕಾಗದಕ್ಕೆ ಸೈನ್ ಹಾಕಿದ್ರೆ ಅಣ್ಣ ಬರಬಹುದಿತ್ತಂತೆ. ನಿಜವಾ?"

ನಿಮ್ಮ ತಂದೆಯ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಯಾವ ಬರಹ, ಏನು ಬರೆದಿದ್ದ ಎಂದು ಕೇಳುತ್ತಾಳೆ. ಕೇಳಿದರೆ ಆ ಸಾಲನ್ನು ಅವಳ ಮುಂದೆ ನಾನು ನನ್ನ ಬಾಯಿಂದ ಹೇಳಬೇಕು, ಅದು ನಿಮ್ಮದೆನ್ನಬೇಕು—ಮದುಮಗಳ ಮುಂದೆ, ಅರಿಸಿನ ಇನ್ನೂ ಆರದ ಅವಳ ಮುಖ ನೋಡುತ್ತ. ಆಗಲಿಲ್ಲ. "ನಿಜ," ಎಂದೆ. "ಹಾಕಬಹುದಿತ್ತು. ಹಾಕಲಿಲ್ಲ." ಅಷ್ಟೇ ಹೇಳಿ ಸೀರೆ ಕೊಟ್ಟೆ.

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಜನ್ಮದಲ್ಲಿ ಆಡಿದ ಅತಿ ಕೆಟ್ಟ ಮಾತು ಅದೇ.

ಎಪ್ಪತ್ತೇಳರ ಮಾರ್ಚಿನಲ್ಲಿ ಚುನಾವಣೆಯಲ್ಲಿ ಪ್ರಧಾನಿ ಸೋತ ಫಲಿತಾಂಶ ಬಂದ ದಿನ ನಮ್ಮ ಮೆಟ್ಟಿಲಲ್ಲಿ ಹಬ್ಬ. ನೀವು ಕೇಸರಿಭಾತು ಮಾಡಿ ಕಟ್ಟಡದ ಹದಿನಾರು ಮನೆಗೂ ಹಂಚಿದಿರಿ. ಎದುರು ಮನೆಯ ಪೋಲಿಷ್ ಅಜ್ಜಿ ನಿಮಗೆ ಮಗುವಾಗಿದೆ ಎಂದುಕೊಂಡು ಸರೋಜಾಳನ್ನು ತಬ್ಬಿಕೊಂಡರು. ನಮ್ಮವರು ಎರಡು ತಟ್ಟೆ ತಿಂದು, ತಾವು ಮೊದಲಿನಿಂದಲೂ ವಿರೋಧಿಸಿದ್ದಾಗಿ ಸಾಧಿಸಿದರು. ಆ ಬೇಸಿಗೆಯಲ್ಲಿ ಪಾಸ್‌ಪೋರ್ಟ್ ಬಂತು, ನೀವು ಊರಿಗೆ ಹೋಗಿಬಂದಿರಿ. ಬಂದು ನಮ್ಮ ಸೋಫಾದಲ್ಲಿ ಕೂತು ಹೇಳಿದಿರಿ: "ಪದ್ಮ ಚೆನ್ನಾಗೇ ಮಾತಾಡಿಸಿದಳು. ನೆಂಟರನ್ನ ಮಾತಾಡಿಸೋ ಹಾಗೆ." ಆಮೇಲೆ ಎಂದಿನಂತೆ ಒಂದು ತಮಾಷೆ ಮಾಡಿದಿರಿ. ಅದೇನೆಂದು ನೆನಪಿಲ್ಲ. ನಾನು ನಕ್ಕೆ ಎನ್ನುವುದು ನೆನಪಿದೆ. ಆ ವರ್ಷವೇ ನೀವು ಕೆಲಸ ಬದಲಿಸಿ ಚಿಕಾಗೋ ಪಕ್ಕದ ಸ್ಕೋಕಿಗೆ ಹೋದಿರಿ, ಮೇಲ್ಮಹಡಿಗೆ ಬೇರೆಯವರು ಬಂದರು.

ಈಗ ಇದೆಲ್ಲ ಯಾಕೆ ಎಂದರೆ, ಹೋದ ತಿಂಗಳು ಸಂಘದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಇಲ್ಲೇ ಹುಟ್ಟಿದವಳು, ಕಷ್ಟಪಟ್ಟು ಕನ್ನಡ ಕಲಿತವಳು. "ಆಂಟಿ, ಓಲ್ಡ್ ಇಷ್ಯೂಸ್ ಎಲ್ಲ ಸ್ಕ್ಯಾನ್ ಮಾಡ್ತಿದೀವಿ. 'ಸ್ವಂತ ಮನೆ'ಯ ಆ ಲಾಸ್ಟ್ ಲೈನ್ ಸೂಪರ್ ಆಗಿದೆ. ಕಿಟ್ಟಣ್ಣ ಅಂಕಲ್‌ಗೆ ಸ್ಟೇಜ್ ಮೇಲೆ ಆನರ್ ಮಾಡ್ತೀವಿ. ನೀವೇ ಅವರ ಬಗ್ಗೆ ನಾಲ್ಕು ಮಾತು ಬರ್ಕೊಡಿ ಆಂಟಿ, ನೀವು ಕ್ಲೋಸ್ ಅಲ್ವಾ?" ಎಂದಳು. ಬರೆಯುತ್ತೇನಮ್ಮ ಎಂದೆ. ಇಕೋ, ಬರೆದಿದ್ದೇನೆ.

ನಮ್ಮವರಿಗೆ ಮೊದಲು ಹೇಳಿದೆ. ಅವರು ನಕ್ಕರು. "ನಾನು ಆಗ್ಲೇ ಅಂದ್ಕೊಂಡಿದ್ದೆ ಕಣೇ, ಕಿಟ್ಟಣ್ಣನಿಗೆ ಅಷ್ಟು ತಲೆ ಎಲ್ಲಿಂದ ಬಂತು ಅಂತ." ಇನ್ನೂ ಸ್ವಲ್ಪ ನಕ್ಕು, ನಗು ನಿಂತು, "ಪದ್ಮನ ಮದುವೆ," ಎಂದರು. ಸಂಜೆ ತಾವೇ ಕಾಫಿ ಮಾಡಿ ತಂದಿಟ್ಟರು; ಅದು ಅವರು ನನಗೆ ಕೊಟ್ಟ ಶಿಕ್ಷೆಯೋ ಸಮಾಧಾನವೋ ಗೊತ್ತಾಗಲಿಲ್ಲ, ಅವರ ಕಾಫಿ ಹಾಗಿರುತ್ತದೆ.

ಒಂದು ಅನುಮಾನ ನನ್ನನ್ನು ಇನ್ನೂ ಬಿಟ್ಟಿಲ್ಲ. ಇಷ್ಟು ವರ್ಷ ನಿಮ್ಮ ಹತ್ತಿರ ಒಂದು ಹೆಮ್ಮೆ ಇದೆ—ಬಂದದ್ದು ಬರಲಿ ಎಂದು ನನ್ನ ಮಾತಿಗೆ ನಾನು ನಿಂತೆ, ಅಪ್ಪನ ಹಾಗೆ. ಇವತ್ತು ಬಂದು, ಆ ಮಾತು ನಿಮ್ಮದಾಗಿರಲಿಲ್ಲ ಎನ್ನುತ್ತಿದ್ದೇನೆ. ಅಂದು ಮದುವೆ ತಪ್ಪಿಸಿದೆ, ಇಂದು ಹೆಮ್ಮೆಯನ್ನೂ ಕಿತ್ತುಕೊಳ್ಳುತ್ತಿದ್ದೇನೆಯೇ? ಹಾಗೆಂದುಕೊಂಡೇ ಎಷ್ಟೋ ವರ್ಷ ಸುಮ್ಮನಿದ್ದೆ, ನಿಮ್ಮ ಒಳ್ಳೆಯದಕ್ಕೇ ಎಂಬ ಮುಖ ಮಾಡಿಕೊಂಡು. ಅದು ನೆಪ. ಬೇರೆಯವರ ಮಾತಿಗಾಗಿಯೂ ತಲೆ ಬಾಗಿಸದೆ ನಿಂತವರು ನೀವು. ಸನ್ಮಾನಕ್ಕೆ ಅದಕ್ಕಿಂತ ಹೆಚ್ಚು ಏನು ಬೇಕು? ವೇದಿಕೆಯ ಮೇಲೆ ಕೂರಿ ಕಿಟ್ಟಣ್ಣ. ನಾನು ಮುಂದಿನ ಸಾಲಿನಲ್ಲಿರುತ್ತೇನೆ, ನೋಡಬೇಕೆನಿಸದಿದ್ದರೆ ನೋಡಬೇಡಿ.

ಆದರೆ ಈ ಬರಹದ ಇನ್ನೊಂದು ಪ್ರತಿ ಮೈಸೂರಿಗೆ ಹೋಗುತ್ತಿದೆ. ಅದನ್ನು ಕೈಯಲ್ಲೇ ಬರೆದಿದ್ದೇನೆ, ಸೊನ್ನೆಗಳು ಈಗ ಮೊದಲಿನಷ್ಟು ದುಂಡಗಿಲ್ಲ. ಅದರ ಕೊನೆಯಲ್ಲಿ ಇರುವುದು ನಿಮಗಲ್ಲ, ಪದ್ಮನಿಗೆ:

ಪದ್ಮಾ, ಅವತ್ತು ನಿನ್ನ ಕೋಣೆಯಲ್ಲಿ ನಾನು ಅರ್ಧ ಮಾತ್ರ ಹೇಳಿದೆ. ಉಳಿದ ಅರ್ಧ ಇದು. ನಿಮ್ಮಪ್ಪ ಬರೆದುಕೊಡಲಿಲ್ಲ, ಅದಕ್ಕೇ ನಿಮ್ಮಣ್ಣನೂ ಬರೆದುಕೊಡಲಿಲ್ಲ—ಇಷ್ಟು ಹೇಳಿದರೆ ನಿನಗೆ ಅರ್ಥವಾಗುತ್ತದೆ ಎಂದು ಅವನು ನನ್ನನ್ನು ನಂಬಿ ಕಳಿಸಿದ್ದ. ನಿನ್ನ ಮದುವೆಗಿಂತ ತನ್ನ ಮಾತು ಅವನಿಗೆ ದೊಡ್ಡದಾಯಿತು ಎಂದು ನೀನು ಇಷ್ಟು ವರ್ಷ ಅಂದುಕೊಂಡಿದ್ದೀಯೆ. ಆ ಮಾತು ಅವನದಲ್ಲ ಎಂದು ಅವನಿಗೆ ಗೊತ್ತಾಗಿದ್ದರೆ ನಿನ್ನ ಧಾರೆಗೆ ಅವನೇ ನಿಂತಿರುತ್ತಿದ್ದ. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ನಿನ್ನ ಹಿಂದೆಯೇ ನಿಂತಿದ್ದೆ.